ಹೊಸ ಕಂಪ್ಯೂಟರಿಗೆ ಒಗ್ಗದ ಲೆಕ್ಕ

ಗಜೇಂದ್ರಗಡದ ನಮ್ಮ ಸೀರೆ ಅಂಗಡಿಯಲ್ಲಿ ಹೊಸ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಮಗ ಅದರ ಮುಂದೆ ಕೂತ. ಲೆಕ್ಕದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಮರುದಿನ ತೆರಿಗೆಯವರಿಗೆ ವರ್ಷದ ಲೆಕ್ಕ ಒಪ್ಪಿಸಬೇಕಿತ್ತು. ಕಂಪ್ಯೂಟರ್ ಮಾರಿದವನು ಪೂಜೆಗೆಂದು ಅಲ್ಲೇ ನಿಂತಿದ್ದ; ಮಗ ಅವನ ಕಡೆ ತಿರುಗಿದ.

ಅವನು ತಲೆ ಕೆರೆದುಕೊಂಡ. "ಇದರಾಗಿನ ಸಿಸ್ಟಮ್ ಹೊಸಾದ್ರಿ ಅವ್ವಾರ. ನಿಮ್ಮ ಸಾಫ್ಟ್‌ವೇರ್ ಹಳೇದು. ಎರಡೂ ಹೊಂದಂಗಿಲ್ರಿ."

"ಅದನ್ನ ಮೊದಲ ಹೇಳಾಕ ಏನಾಗಿತ್ತೋ? ಕಾಯಿ ಒಡಿಯೂತನಕ ಬಾಯಿ ಮುಚಗೊಂಡ ನಿಂತಿದ್ದಿ!" ಎಂದೆ.

ಮಗ ತಲೆಯ ಮೇಲೆ ಕೈ ಹೊತ್ತುಕೊಂಡ. "ಯವ್ವಾ, ಇದರ ಬದಲಿಗೆ ಕೊಟ್ಟ ಹಳೇ ಕಂಪ್ಯೂಟರ್ ಮುಂಜಾನೇನ ಟೆಂಪೋದಾಗ ಹೋತಲ್ಲ! ಲೆಕ್ಕ ಎಲ್ಲಾ ಅದರಾಗ ಐತಿ."

"ಎಲ್ಲಿ ಹೋಗೇತಿ? ಇವತ್ತ ಶುಕ್ರವಾರ. ಮನಿ ವಸ್ತು ಹೊರಗ ಕಳಸ್ತಾರೇನು? ಟೆಂಪೋದಾಂವಗ ನಾಳೆ ಬಾ ಅಂದೀನಿ. ಒಳಗ ಮನಿಯಾಗ ಜ್ವಾಳದ ಚೀಲದ ಹಿಂದ ಐತಿ, ನೋಡ ಹೋಗು."

ಮಗ ಬರಿಗಾಲಲ್ಲೇ ಓಡಿದ. ಸಂಜೆಯೊಳಗೆ ಲೆಕ್ಕ ಹೊರಬಂತು.

ಹೊಸ ಸಾಫ್ಟ್‌ವೇರ್ ಬಂದ ಮೇಲೂ ಮಗ ಹಳೆಯ ಕಂಪ್ಯೂಟರನ್ನು ಯಾರಿಗೂ ಕೊಟ್ಟಿಲ್ಲ. ಎರಡೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತಿವೆ. ಒಂದು ಸೀರೆ ಬಿಚ್ಚಿ ತೋರಿಸಲು ಜಾಗವಿಲ್ಲ. ಬೈಯೋಣವೆಂದರೆ, ಅವತ್ತು ಹಳೆಯದನ್ನು ಉಳಿಸಿದವಳು ನಾನೇ.