ಬಾಯಿ ಬಿಟ್ಟ ಕರ್ಜಿಕಾಯಿ

ಮೊನ್ನೆ ಕಿಕ್ಕೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹತ್ತಿರದ ಯಾವುದೋ ಮನೆಯಿಂದ ಒಣಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ ಸೇರಿದ ವಾಸನೆ ಬಂತು. ಯಾರೋ ಕರ್ಜಿಕಾಯಿಗೆ ಹೂರಣ ಮಾಡುತ್ತಿದ್ದರು. ನನಗೆ ನಿಂತಲ್ಲೇ ನಗು ಬಂತು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೊಮ್ಮೆ ನೋಡಿ ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು... ನಮ್ಮ ಪಕ್ಕದ ಮನೆಯ ಟೀಚರಮ್ಮ ಇದ್ದಿದ್ದರೆ ಅದಕ್ಕೂ ನಗುತ್ತಿದ್ದರು.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ನಾನು ಪಾಂಡವಪುರದ ಕಡೆಯಿಂದ ಸಿಂಧಘಟ್ಟಕ್ಕೆ ಸೊಸೆಯಾಗಿ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ಗೋಡೆಯಾಚೆಯಿಂದ ಮೊದಲು ಅವರ ನಗು ಬರುತ್ತಿತ್ತು, ಆಮೇಲೆ ಅವರು.

ನನ್ನ ಮಗಳು ಸೀಳುತುಟಿಯೊಂದಿಗೆ ಹುಟ್ಟಿದಳು. ಮೇಲಿನ ತುಟಿ ಮೂಗಿನವರೆಗೂ ಬಿರಿದಿತ್ತು. ನಮ್ಮತ್ತೆ ಮಗುವನ್ನು ನೋಡಿ, ನನ್ನನ್ನು ನೋಡಿ, "ಗ್ರಹಣದಲ್ಲಿ ಕುಡ್ಲು ಇಡೀಬ್ಯಾಡ ಅಂತ ಬಡ್ಕೊಂಡ್ನಲ್ಲೇ" ಅಂದರು. ಹೌದು, ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹಸು ಕೂಗಿತೆಂದು ನಾನು ಕುಡುಗೋಲಿನಿಂದ ಜೋಳದ ಕಡ್ಡಿ ಕತ್ತರಿಸಿ ಹಾಕಿದ್ದೆ. ಅತ್ತೆ ಹಾಗೆ ಅಂದ ದಿನದಿಂದ ಮಗುವಿನ ಮುಖಕ್ಕೆ ಸೆರಗು ಮುಚ್ಚಿಯೇ ಹೊರಗೆ ತರುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಕರೆತನ್ನಿ, ಹೊಲಿದು ಸರಿಮಾಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅತ್ತೆ ಒಪ್ಪಲಿಲ್ಲ. ಗ್ರಹಣದ ಗುರುತನ್ನು ಅಳಿಸಿದರೆ ಅದು ಮುಂದಿನ ಮಗುವಿಗೆ ಬರುತ್ತದೆ ಎಂಬುದು ಅವರ ಭಯ. ಕೆಟ್ಟವರಲ್ಲ ಅವರು, ಮೊಲೆ ಚೀಪಲಾರದ ಮಗುವಿಗೆ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಹಾಕುತ್ತಿದ್ದವರೇ ಅವರು. ಆದರೆ ಮನೆಯಲ್ಲಿ ಅವರ ಮಾತು ಮೀರುವವರಿರಲಿಲ್ಲ. ನಾನು ಆಸ್ಪತ್ರೆಯ ವಿಚಾರ ತೆಗೆದಾಗಲೆಲ್ಲ ನನ್ನ ಗಂಡನಿಗೆ ಮೇವು ತರುವ ಕೆಲಸ ನೆನಪಾಗುತ್ತಿತ್ತು.

ಗೌರಿಹಬ್ಬದ ಹಿಂದಿನ ದಿನ ಟೀಚರಮ್ಮ ನಮ್ಮ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು. ನಮ್ಮತ್ತೆಯ ಕರ್ಜಿಕಾಯಿಗೆ ಬೀದಿಯಲ್ಲೆಲ್ಲ ಹೆಸರಿತ್ತು, ಎಣ್ಣೆಯಲ್ಲಿ ಒಂದೂ ಬಿಚ್ಚುತ್ತಿರಲಿಲ್ಲ. ನಾನು ಲಟ್ಟಿಸಿ ಕೊಡುತ್ತಿದ್ದೆ, ಅವರಿಬ್ಬರೂ ಹೂರಣ ತುಂಬಿ, ಅಂಚಿಗೆ ನೀರು ಸವರಿ, ಮಡಿಸಿ ಅದುಮುತ್ತಿದ್ದರು. ಒಂದರ ಅಂಚಿಗೆ ಮಾತ್ರ ಟೀಚರಮ್ಮ ನೀರಿನ ಬದಲು ಒಣಹಿಟ್ಟು ಸವರಿದರು. ನಾನು ನೋಡಿದ್ದನ್ನು ಕಂಡು ಕಣ್ಣು ಮಿಟುಕಿಸಿದರು.

ಬಾಣಲೆಯಲ್ಲಿ ಅದು ಬಾಯಿ ಬಿಟ್ಟಿತು. ಹೂರಣವೆಲ್ಲ ಚೆಲ್ಲಿ ಕಪ್ಪಗೆ ಕರಟಿತು.

"ಅಯ್ಯಯ್ಯೋ, ಎಣ್ಣೆಯೆಲ್ಲ ಕೆಟ್ಟೋಯ್ತಲ್ಲ!" ಎಂದು ಅತ್ತೆ ಕೂಗಿದರು.

"ಇದ್ಕೆ ಯಾವ್ ಗ್ರಹಣ ಇಡೀತಕ್ಕಾ?" ಟೀಚರಮ್ಮ ಕೇಳಿದರು.

"ಗ್ರಹಣ ಯಾಕ್ ಇಡೀತದೆ? ಅಂಚು ಕೂಡ್ನಿಲ್ಲ, ಅಷ್ಟೇಯ."

"ಲಟ್ಟಿಸ್ದೋಳ್ ತಪ್ಪು ಬುಡು. ನಿನ್ ಸೊಸೇನೇ ಅಲ್ವಾ ಲಟ್ಟಿಸಿದ್ದು?"

"ಅವ್ಳೇನ್ ಮಾಡಾಳು? ಇಷ್ಟೊಂದ್ ಮಾಡುವಾಗ ಒಂದೊಂದು ಇಂಗಾಯ್ತದೆ. ಯಾರ್ ತಪ್ಪೂ ಅಲ್ಲ."

ಹೇಳಿದ ಮೇಲೆ ಅತ್ತೆಗೆ ತಮ್ಮ ಮಾತು ತಮಗೇ ಕೇಳಿಸಿತು. ಸೌಟು ಹಿಡಿದ ಕೈ ಹಾಗೆಯೇ ನಿಂತಿತು.

ಆಗ ಟೀಚರಮ್ಮ ನಿಧಾನವಾಗಿ ಹೇಳಿದರು. ಹೊಟ್ಟೆಯೊಳಗೆ ಮಗು ಅವರೆಕಾಳಿನಷ್ಟಿರುವಾಗ ಅದರ ಬೆನ್ನಿನ ಕಡೆಯಿಂದ ಜೀವಕೋಶಗಳು ಗುಂಪಾಗಿ ಹೊರಟು ಮುಖದ ಕಡೆಗೆ ನಡೆಯುತ್ತವಂತೆ. ಎಡದಿಂದ ಬಂದವು, ಬಲದಿಂದ ಬಂದವು ಮೂಗಿನ ಕೆಳಗೆ ಸೇರಿ ಅಂಟಿಕೊಂಡರೆ ತುಟಿ. ಎಲ್ಲೋ ಕೆಲವು ಬರುವುದು ತಡವಾದರೆ, ಬಂದರೂ ಅಂಟದಿದ್ದರೆ, ಬಿರುಕು ಉಳಿಯುತ್ತದೆ. ಇದೆಲ್ಲ ಎರಡನೇ ತಿಂಗಳಲ್ಲೇ ಮುಗಿದುಹೋಗುತ್ತದೆ; ನಾನು ಕುಡುಗೋಲು ಹಿಡಿದಾಗ ಐದು ತುಂಬಿತ್ತು.

ಅತ್ತೆ ಕರಟಿದ ಕರ್ಜಿಕಾಯಿಯನ್ನು ಎತ್ತಿ ನೋಡಿದರು.

"ಒಣಹಿಟ್ಟು ಸವರ್ದೋಳು ನೀನೇ ಅಲ್ವೇನೇ, ಕಳ್ಳಿ? ಎಣ್ಣೆ ತಂದ್ಕೊಡು."

"ಡಬ್ಬಾನೇ ತಂದ್ಕೊಡ್ತೀನಿ. ಮಗೀನ ಆಸ್ಪತ್ರೆಗೆ ಕರ್ಕೊಂಡೋಯ್ತೀಯಾ?"

"ಮಂಗ್ಳಾರ ಬ್ಯಾಡ," ಅಂದರು ಅತ್ತೆ. "ಬುದ್ವಾರ ಓಗಣ."

ನಾನು ಲಟ್ಟಣಿಗೆ ಬಿಟ್ಟು ಹಿತ್ತಿಲಿಗೆ ಹೋಗಿ ಅತ್ತು ಬಂದೆ.

ನಾಗಮಂಗಲದ ಕಡೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೋಗುವಾಗಲೂ ಬರುವಾಗಲೂ ಅತ್ತೆ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಡಾಕ್ಟರು ಅಂಚುಗಳನ್ನು ಹತ್ತಿರ ತಂದು ಹೊಲಿಯುತ್ತಾರೆ, ಕೂಡುವ ಕೆಲಸ ಆ ಜೀವಕೋಶಗಳದ್ದೇ ಎಂದು ಟೀಚರಮ್ಮ ಹೇಳಿದ್ದರು. ಹೊಲಿಗೆ ಬಿಚ್ಚಿದ ದಿನ ಮಗಳ ಗಲ್ಲ ಹಿಡಿದೆತ್ತಿ ನೋಡಿ, "ತಡವಾದ್ರೂ ಬಂದವಲ್ಲ. ಹಾಜರಿ ಹಾಕ್ಕೊಂಡೆ ಕಣ್ರಪ್ಪ" ಅಂದರು. ಮಗು ಹುಟ್ಟಿದಾಗ ತಪ್ಪಿದ ನಗು ಅವತ್ತು ನಮ್ಮ ಮನೆಗೆ ಬಂತು.

ಕೆಲವು ವರ್ಷಗಳ ಮೇಲೆ ಅವರ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಬೆನ್ನುಮೂಳೆಗೆ ಹೋಗಿತ್ತು. ನಾನು ಗಂಜಿ ತೆಗೆದುಕೊಂಡು ಹೋಗಿದ್ದಾಗ ಅದನ್ನೂ ಪಾಠದಂತೆಯೇ ಹೇಳಿದರು.

"ನಿನ್ ಮಗಳಲ್ಲಿ ಬರ್ಬೇಕಾದವು ಬರ್ನಿಲ್ಲ ಕಣವ್ವ. ನನ್ನಲ್ಲಿ ಕೂತಿರ್ಬೇಕಾದವು ಕೈ ಬಿಡಿಸ್ಕೊಂಡು ಹೊರಟವೆ. ಬೆಲ್ ಹೊಡೆಯೋಕ್ ಮುಂಚೆ ಗೇಟ್ ಹಾರೋ ಹುಡುಗ್ರು, ಥೇಟ್ ಅಂಗೆ."

ನಗುತ್ತ ಕೆಮ್ಮಿದರು. ನನಗೆ ನಗಲಾಗಲಿಲ್ಲ...

ಅವರು ಹೋದ ಮೇಲೆ ಒಂದು ಬೆಳಿಗ್ಗೆ ಡೇರಿಯ ಮುಂದೆ ಹಾಲು ಹಾಕಲು ನಿಂತಿದ್ದೆವು. "ಆವಮ್ಮ ಗ್ರಹಣದಲ್ಲೂ ಉಣ್ತಿತ್ತು. ಅದ್ಕೇಯ ಇಂಗಾಯ್ತು" ಎಂದು ಹಿಂದಿದ್ದವಳೊಬ್ಬಳು ಅಂದಳು. ನಮ್ಮತ್ತೆ ಕ್ಯಾನನ್ನು ನೆಲಕ್ಕಿಟ್ಟು ತಿರುಗಿದರು.

"ನಿಮ್ಮನೆ ಹಸ ದಿನ ತುಂಬ್ದೆ ಕಂದು ಹಾಕ್ತಲ್ಲ, ಅದೂ ಗ್ರಹಣದಲ್ಲಿ ಉಂಡಿತ್ತಾ? ಬಾಯ್ ಮುಚ್ಕಂಡ್ ಹಾಲಾಕು."

ಇಡೀ ಸಾಲು ನಕ್ಕಿತು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಳೆದ ವಾರ ಮಗಳ ಸ್ಕೂಲಿಗೆ ನನ್ನನ್ನು ಕರೆಸಿದ್ದರು. ಪಾಠದ ನಡುವೆ ಬಾಯಿಗೆ ಬಿಡುವೇ ಇಲ್ಲ, ಅಕ್ಕಪಕ್ಕದವರನ್ನೂ ಕೆಡಿಸುತ್ತಾಳೆ ಎಂದು ದೂರು. ನಾನು ತಲೆತಗ್ಗಿಸಿ ಕೇಳಿಸಿಕೊಂಡೆ, ಒಳಗೊಳಗೇ ಕುಣಿದೆ. ಮನೆಗೆ ಬಂದವಳೇ ಹಿತ್ತಿಲ ಗೋಡೆಯ ಹತ್ತಿರ ಹೋಗಿ "ಟೀಚರಮ್ಮಾ" ಎಂದು ಕೂಗಿಬಿಟ್ಟೆ.

ಆ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ ಇಣುಕಿ, "ಏನಕ್ಕಾ?" ಅಂದಳು. ಬಾಯಿಯವರೆಗೆ ಬಂದಿದ್ದ ಸ್ಕೂಲಿನ ದೂರನ್ನು ಅವಳಿಗೇ ಹೇಳಿದೆ.

"ಒಂದೆರಡು ಬಾರಿಸಿ ಅಕ್ಕ, ಸರಿಯೋಯ್ತಾಳೆ," ಅಂದಳು.

ಪಾಪ, ಅವಳಿಗೇನು ಗೊತ್ತು.