ಟ್ರಂಕಿನ ಮೇಲೆ ಕೂತ ಕಾಕಿ

ಹುನಗುಂದದ ಬಸ್ ನಿಲ್ದಾಣದಲ್ಲಿ ಆ ದಿನ ನಾನು ಇದ್ದೆನೋ ಇಲ್ಲವೋ, ಈಗ ಖಾತ್ರಿಯಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು, ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಬಂದಿರಲಿಲ್ಲ ಎಂದು ಅಕ್ಕ. ಆದರೂ ಕಣ್ಣು ಮುಚ್ಚಿದರೆ ಕಾಣುತ್ತದೆ: ಪೊಲೀಸ್ ತರಬೇತಿಗೆ ಹೊರಟ ಅಕ್ಕನ ಟ್ರಂಕನ್ನು ಕಾಕಾ ಬಸ್ಸಿನ ಮೇಲಿಂದ ಇಳಿಸಿ, ಬೀಗ ಒಡೆದು, ಸೀರೆ, ಲಂಗ, ಒಳಬಟ್ಟೆಗಳನ್ನೆಲ್ಲ ಜನರ ನಡುವೆ ಕೊಡವುತ್ತಿದ್ದಾನೆ.

"ನೋಡ್ರೆಪಾ, ನಮ್ಮ ಮನಿ ಫೌಜದಾರ ಹೊಂಟಾಳ! ನಾಳಿಂದ ಕಳ್ಳರ ಮೈ ತಡವ್ತಾಳ!"

ಜನ ನಕ್ಕರು. ಆ ನಗುವನ್ನು ಕಿವಿಯಾರೆ ಕೇಳಿದೆ ಎಂದೇ ಅನಿಸುತ್ತದೆ. ಅವ್ವ ಹೇಳಿ ಹೇಳಿ ಕಿವಿಯಲ್ಲಿ ಕೂಡಿಸಿದ್ದೂ ಇರಬಹುದು. ಅಕ್ಕ ಬಟ್ಟೆ ಆರಿಸಿಕೊಂಡು ಅದೇ ಬಸ್ಸಿಗೆ ಹೋದಳು.

ಅಪ್ಪ ತೀರಿದ ಮೇಲೆ ಅಪ್ಪನ ಈ ತಮ್ಮನೇ ನಮಗೆ ಯಜಮಾನ. ಇಳಕಲ್ಲಿನಲ್ಲಿ ಅವನದು ಸೀರೆ ವ್ಯಾಪಾರ. ಹಿತ್ತಲ ಬಾಗಿಲಿನಿಂದ ಕಲ್ಲು ಗಣಿಗಳಿಗೆ ಕದ್ದ ಸ್ಫೋಟಕ ಮಾರುವುದು ಇನ್ನೊಂದು ವ್ಯಾಪಾರ. ಬಾಗಲಕೋಟೆಯ ಠಾಣೆ ಸೇರಿದ ಅಕ್ಕನಿಗೆ ಸಿಕ್ಕಿದ್ದು ಸಾಹೇಬರಿಗೆ ಚಹಾ ತರುವ ಕೆಲಸ, ಆಗೀಗ ಹೆಣ್ಣು ಕೈದಿಗಳನ್ನು ಕಾಯುವ ಕೆಲಸ. "ದೇಶಾ ಕಾಯಾಕ ಹೋದಾಕಿ ಚಹಾದ ಕಿಟ್ಲಿ ಕಾಯಾಕತ್ಯಾಳ" ಎಂದು ಕಾಕಾ ಹಬ್ಬ ಬಂದಾಗಲೆಲ್ಲ ಕೆಣಕುತ್ತಿದ್ದ. ಅವಳು ತಲೆ ಎತ್ತದೆ ಹೋಳಿಗೆ ತಿನ್ನುತ್ತಿದ್ದಳು. ಒಮ್ಮೆ ಮಾತ್ರ ನನ್ನೊಡನೆ, "ತಮ್ಮಾ, ಒಮ್ಮೆರೆ ಅವನನ್ನ ಹಂಗ ಬೀದ್ಯಾಗ ನಿಲ್ಲಸ್ಬೇಕು. ಅಷ್ಟ ಸಾಕು ನನಗ" ಅಂದಳು. ನನಗೂ ಅಷ್ಟೇ ಬೇಕಿತ್ತು.

ಒಂದು ಹಬ್ಬದೂಟಕ್ಕೆ ಕೂತಾಗ ಕಾಕಾ ತನ್ನ ಹೊಸ ಪರಾಕ್ರಮ ಹೇಳಿಕೊಂಡ. ಪೊಲೀಸರು ಮನೆ ಶೋಧಿಸಲು ಬಂದಿದ್ದರಂತೆ. ಸ್ಫೋಟಕ ಇಟ್ಟ ಟ್ರಂಕಿನ ಮೇಲೆ ಕಾಕಿಯನ್ನು ಕೂಡಿಸಿ, "ಹೇಂತಿ ಮುಟ್ಟಾಗಿ ಹೊರಗ ಕುಂತಾಳ್ರಿ" ಎಂದನಂತೆ. ಪೊಲೀಸರು ಹೊಸ್ತಿಲಿನಿಂದಲೇ ತಿರುಗಿದರಂತೆ. "ನಿಮ್ಮ ಇಲಾಖೆ ಗಂಡಸ್ರು ಭಾಳ ಮಡಿವಂತ್ರವಾ!" ಎಂದು ಅಕ್ಕನಿಗೆ ಹೇಳಿ ನಕ್ಕ. ಅಕ್ಕ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಮತ್ತೆ ಪೊಲೀಸ್ ಜೀಪು ಬಂತು. ನಾನಾಗ ಇಳಕಲ್ಲಿನಲ್ಲೇ ಪಾಠ ಹೇಳುತ್ತಿದ್ದೆ. ಇಂಗ್ಲಿಷ್ ಮಾತಾಡುವವನು ಒಬ್ಬ ಪಕ್ಕದಲ್ಲಿರಲಿ ಎಂದು ಕಾಕಾ ನನಗೆ ಹೇಳಿಕಳಿಸಿದ್ದ. ನಾನು ಹೋಗಿ ನಿಂತೆ, ಇಂಗ್ಲಿಷ್ ಮಾತ್ರ ಆಡಲಿಲ್ಲ. ಕಾಕಾ ಕಾಕಿಯನ್ನು ಮತ್ತೆ ಟ್ರಂಕಿನ ಮೇಲೆ ಕೂಡಿಸಿ ಹಳೆಯ ಮಾತನ್ನೇ ಹೇಳಿದ. ಇನ್‌ಸ್ಪೆಕ್ಟರು ಜೀಪಿನ ಕಡೆ ನೋಡಿದರು. ಖಾಕಿ ಸೀರೆಯುಟ್ಟ ಅಕ್ಕ ಇಳಿದು ಬಂದಳು.

ಕಾಕಾ ಬಾಗಿಲಿಗೆ ಅಡ್ಡ ನಿಂತ. "ಆಕಿನ್ನ ಮುಟ್ಟಬ್ಯಾಡ ನೀ, ಮೈಲಿಗಿ!"

"ಕೊರಳಾಗ ಲಿಂಗ ಕಟ್ಟಿದ ಮನಿ ಇದು" ಅಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ಈ ಮನ್ಯಾಗ ಯಾವ ಹೆಣ್ಮಗಳು ಯಾವಾಗ ಹೊರಗ ಕುಂತಾಳ, ಕಾಕಾ? ಆ ದಿನದಾಗೂ ನನ್ನ ಕೈಲೆ ರೊಟ್ಟಿ ಬಡಿಸ್ಕೊಂಡು ತಿಂದೀರಿ. ಆಗ ಇಲ್ಲದ್ದು ಈಗ ಎಲ್ಲಿಂದ ಬಂತು?"

ಖರೆ ಮಾತು. ಲಿಂಗವಂತರಲ್ಲಿ ಮುಟ್ಟಿನ ಮೈಲಿಗೆಯಿಲ್ಲ. ಮೊದಲು ಬಂದ ಪೊಲೀಸರಲ್ಲಿ ಒಬ್ಬರಿಗೂ ಅದನ್ನು ಕೇಳಲು ಬಾಯಿ ಬಂದಿರಲಿಲ್ಲ. ಕಾಕಾ ಅವರ ಆ ಸಂಕೋಚವನ್ನೇ ನಂಬಿಕೊಂಡಿದ್ದ.

"ಏಳವಾ ಕಾಕಿ."

ಕಾಕಿ ಗಂಡನ ಮುಖ ನೋಡದೆ ಎದ್ದಳು. "ಚಲೋ ಬಂದಿ ಬಿಡವಾ. ಕುಂತು ಕುಂತು ಕಾಲು ಜೋಮು ಹಿಡದಿದ್ವು."

ಅಕ್ಕ ಟ್ರಂಕನ್ನು ಒಳಗೆ ತೆರೆಯಲಿಲ್ಲ. ಹೊರಗೆ ಹೊರಿಸಿ, ಓಣಿಯ ನಡುವೆ ಇಡಿಸಿ, ಸೀರೆಗಳನ್ನು ಒಂದೊಂದಾಗಿ ಬಿಡಿಸಿದಳು. ಮಡಿಕೆಗಳಲ್ಲಿ ಸ್ಫೋಟಕದ ಕಡ್ಡಿಗಳಿದ್ದವು. ಓಣಿಗೆ ಓಣಿಯೇ ನೆರೆದಿತ್ತು. "ನೋಡ್ರೆಪಾ, ಎಲ್ಲಾರೂ ನೋಡ್ರಿ" ಎಂದು ಅವಳು ಕೂಗಿದ್ದು ನನಗೆ ನೆನಪಿದೆ. ಕೂಗಲೇ ಇಲ್ಲ ಎನ್ನುತ್ತಾಳೆ ಅವಳು. ಕೂಗಿದ್ದರೆ ಚೆನ್ನಾಗಿತ್ತು ಎಂಬ ನನ್ನ ಆಸೆಯೇ ನೆನಪಾಗಿ ಕೂತಿರಬಹುದು. ಕಾಕಾ ಕೈಕೋಳದಲ್ಲಿ, ಬರಿಗಾಲಲ್ಲಿ ನಿಂತಿದ್ದ. ಅದನ್ನು ಮಾತ್ರ ಕಣ್ಣು ತುಂಬ ನೋಡಿದೆ. ಯಾರೂ ನಗಲಿಲ್ಲ. ಅದೊಂದು ಕೊರತೆ ನನಗೆ ಈಗಲೂ ಇದೆ.

"ಸೇಡು ಅಲ್ಲೋ, ಡ್ಯೂಟಿ. ಕಳಿಸಿದ್ರು, ಹೋದ್ನಿ" ಎಂದು ಅಕ್ಕ ಕೇಳಿದವರಿಗೆಲ್ಲ ಹೇಳುತ್ತ ಬಂದಳು. ನಾನು ನಂಬಲಿಲ್ಲ. ನಂಬದಿರುವುದು ನನ್ನ ಚಟವೂ ಹೌದು. ಬಹಳ ವರ್ಷಗಳ ಮೇಲೆ ಬಾದಾಮಿ ರೈಲು ನಿಲ್ದಾಣದಲ್ಲಿ ಅಂದಿನ ಜೀಪು ಚಾಲಕ ಸಿಕ್ಕಾಗ ಕೇಳಿದೆ. ಒಬ್ಬನ ಮಾತು ಸಾಲದೆಂದು ಬಾಗಲಕೋಟೆಗೆ ಹೋಗಿ, ಅಕ್ಕನ ಜೊತೆಗಿದ್ದ ಇನ್ನೊಬ್ಬ ಮಹಿಳಾ ಪೇದೆಯನ್ನೂ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ: ಆ ಜೀಪಿನಲ್ಲಿ ಇಳಕಲ್ಲಿಗೆ ಹೋಗಬೇಕಾಗಿದ್ದವಳು ಆ ಇನ್ನೊಬ್ಬ ಪೇದೆ. ಅಕ್ಕನಿಗೆ ಅಂದು ರಜೆಯಿತ್ತು.