ಎರಡು ಹೊಲಗಳ ನಡುವೆ ಕಾವೇರಿಬಾಯಿ

“ಅಮ್ಮಾ, ಕಾವೇರಿ ಮಾವಶಿ ಯಾರ ಕಡಿ ಇರ್ತಾರ?”

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಮಗಳು ಶರ್ವರಿ ಕೇಳಿದಳು. ಹಿಂದಿನ ದಿನ ಅವಳಿಗೆ ಸ್ವೆಟರ್ ಬೇಕೋ ಬೇಡವೋ ಎಂದು ನನಗೂ ಅತ್ತೆಗೂ ಮಾತು ಬೆಳೆದಾಗ, ಪಕ್ಕದ ಮನೆಯ ಕಾವೇರಿಬಾಯಿ ಇಬ್ಬರಿಗೂ ಚಹಾ ಕೊಟ್ಟು, ಯಾರಿಗೂ ಹೌದೆನ್ನದೆ ಎದ್ದು ಹೋಗಿದ್ದರು.

ಅವರು ಬೀದರಿನಿಂದ ದಿನಾ ಬಸ್ಸಿನಲ್ಲಿ ಔರಾದಿಗೆ ಹೋಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾರೆ. ಮೆಚ್ಚಿನ ಪಾಠ ನೇಪಾಳದ್ದು. ಒಂದು ಕಡೆ ಭಾರತ, ಇನ್ನೊಂದು ಕಡೆ ಚೀನಾ, ಸಮುದ್ರವಿಲ್ಲದ ದೇಶ. ಹಿಂದೊಮ್ಮೆ ನಮ್ಮ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟಾಗ ಅಲ್ಲಿನ ಹೆಂಗಸರು ಸಿಲಿಂಡರ್ ಸಿಗದೆ ಕಟ್ಟಿಗೆ ಒಲೆ ಹೂಡಿದ್ದನ್ನು ನನಗೆ ಹೇಳಿದವರೂ ಅವರೇ.

“ಆಮ್ಯಾಲ ಅವ್ರು ಚೀನಾಕ್ಕೂ ದಾರಿ ಕೇಳಿದ್ರು. ಹಂಗಂತ ನಮ್ಮ ದಾರಿ ಬಿಡಲಿಲ್ಲ. ಸಣ್ಣ ಮನಿಗಿ ಎರಡೂ ಬಾಗಿಲಾ ಬೇಕು, ತಂಗಿ.”

ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ತಾಯಿ ಬಿಟ್ಟುಹೋದ ತುಂಡು ಹೊಲ ಅವರದು. ನೀರು ಈಚೆಯ ನರಸಿಂಗಪ್ಪನವರ ಬೋರಿನಿಂದ ಬರಬೇಕು. ಬಂಡಿ ಆಚೆಯ ಜ್ಞಾನೇಶ್ವರರಾಯರ ಹೊಲ ದಾಟಿ ಹೋಗಬೇಕು. ಇಬ್ಬರೂ ದೊಡ್ಡ ರೈತರು. ಪಂಚಾಯಿತಿ ಚುನಾವಣೆಯಿಂದೀಚೆಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಎಲ್ಲರದೂ ಹೊಲದಲ್ಲೇ ಪೂಜೆ, ಊಟ; ಆ ದಿನ ಇಬ್ಬರೂ ಇವರನ್ನು ತಮ್ಮ ತಮ್ಮ ಹೊಲಕ್ಕೆ ಊಟಕ್ಕೆ ಕರೆಯುತ್ತಾರೆ. ಕಾವೇರಿಬಾಯಿ ಎಲ್ಲಿಯೂ ಉಣ್ಣುವುದಿಲ್ಲ. ತಮ್ಮ ಹೊಲದಲ್ಲಿ ಪೂಜೆ ಮುಗಿಸಿ, ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಒಂದೇ ಪಾತ್ರೆಯ ಭಜ್ಜಿಯನ್ನು ಎರಡೂ ಬದುವಿಗೆ ಒಯ್ದು ಕೊಡುತ್ತಾರೆ.

ಈ ವರ್ಷ ನಮ್ಮನ್ನೂ ಕರೆದೊಯ್ದಿದ್ದರು. ಅವರ ತೊಗರಿ ರಾಶಿಯಾಗಿ ಚೀಲ ತುಂಬಿತ್ತು. ಆ ವಾರವೇ ಮಾರುಕಟ್ಟೆಗೆ ಸಾಗಿಸಬೇಕಿತ್ತು. ಜೋಳದ ದಂಟಿನ ಕೊಂಪೆಯ ಮುಂದೆ ನಾವು ಎಲೆ ಹಾಕುವಷ್ಟರಲ್ಲಿ ಜ್ಞಾನೇಶ್ವರರಾಯರು ಅಂಬಲಿ ಗಡಿಗೆ ಹಿಡಿದು ತಾವಾಗಿಯೇ ಬಂದರು. ಅದೇ ಹೊತ್ತಿಗೆ, ಎಲ್ಲಿ ಹೋಗಿದ್ದಳೋ, ಬಾಯಿ ತುಂಬ ಭಜ್ಜಿ ಮೆತ್ತಿಕೊಂಡ ಶರ್ವರಿ ಓಡಿ ಬಂದಳು.

“ಅಮ್ಮಾ, ನರಸಿಂಗ ಅಜ್ಜಾರ ಭಜ್ಜಿ ಎಲ್ಲಾರಕಿಂತ ಚಲೋ ಅದ!”

ರಾಯರ ನಗು ನಿಂತಿತು. “ಆಯ್ತ್ ಬಿಡ್ರಿ, ಕಾವೇರಿಬಾಯಿ. ಕೂಸಿನ ಬಾಯಾಗ ಖರೇ ಬಂತು. ನೀರಿನ ಕಡಿ ಕುಂತ್ರಿ.”

“ಅಯ್ಯ, ಹುಡುಗಿ ರೀ ಅದು. ಬೆಲ್ಲ ಕೊಟ್ಟವರೆಲ್ಲಾ ಅಜ್ಜಾನೇ.”

“ಇರ್ಲಿ ರೀ. ನಾಳಿಂದ ಆ ದಾರ್ಯಾಗ ದನದ ಮೇವಿನ ಕಣಕಿ ಒಟ್ಟಬೇಕಂತ ಮಾಡೀನಿ. ನಿಮ್ಮ ಬಂಡಿ ಹ್ಯಾಂಗ ಹೋಗ್ತದ, ನೋಡ್ಕೋರಿ.”

ಗಡಿಗೆಯನ್ನು ಅಲ್ಲೇ ಇಟ್ಟು ನಡೆದರು. ಕಾವೇರಿಬಾಯಿ ಸಿಟ್ಟಾಗಲಿಲ್ಲ, ಹಿಂದೆ ಓಡಲೂ ಇಲ್ಲ. ತೊಗರಿ ಚೀಲಗಳ ಕಡೆ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಶರ್ವರಿಯ ಬಾಯಿ ಒರೆಸಿದರು.

“ತಂಗಿ, ನಾ ಹೋದ್ರ ಹೆದರಿ ಬಂದಾಳ ಅಂತಾರ. ನೀ ಒಂದ್ ಉಪಕಾರ ಮಾಡು. ಅಂಬಲಿ ತಕ್ಕೊಂಡು, ಈ ಗಡಿಗಿ ತುಂಬ ನಮ್ಮ ಭಜ್ಜಿ ಒಯ್ದು ಕೊಡು. ಇಕಿನ್ನ ರಾಯರ ಪಂಕ್ತ್ಯಾಗ ಕೂಡ್ಸಿ ನೀನೂ ಹೊಟ್ಟಿ ತುಂಬ ಉಂಡು ಬಾ. ಚಲೋ ಅದ ಅನ್ರಿ, ಎರಡು ಸಲ ಬೇಕಾದ್ರ ಹಾಕಿಸ್ಕೋರಿ. ಆದ್ರ ನರಸಿಂಗಪ್ಪರಕಿಂತ ಚಲೋ ಅಂತ ಮಾತ್ರ ಅನ್ನಬ್ಯಾಡ್ರಿ.”